ಏಳನೆಯ ವಿಹಾರದಲ್ಲಿ ಓದಿದ ಹೆಸರು

ಬಾಟಂಬಾಂಗ್
16 ಅಕ್ಟೋಬರ್ 2023

ನನ್ನ ಅಮ್ಮನಿಗೆ,

ಮೆಲ್ಬೋರ್ನಿನಲ್ಲಿ ಈಗ ಚಳಿ ಇಳಿದಿರಬೇಕು, ನಿನ್ನ ಮೊಣಕಾಲು ಸ್ವಲ್ಪ ಕರುಣೆ ತೋರಿಸುತ್ತಿರಬೇಕು. ಮೇಲಿರುವ ಊರಿನ ಹೆಸರು ನೋಡಿ ಕಾಗದ ಮಡಿಸಿಡಬೇಡ. ಫೋನಿನಲ್ಲಿ ಬಾಟಂಬಾಂಗ್ ಎಂದ ಕೂಡಲೇ ನಿನಗೆ ಒಲೆಯ ಮೇಲಿನ ಸಾರು ನೆನಪಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಓದುವಾಗ ಸಾರು ಉಕ್ಕಿದರೆ ಉಕ್ಕಲಿ.

ಮೊದಲು ನನ್ನ ಸುಳ್ಳು. ಈ ಸಲದ ಪ್ಚುಂ ಬೆನ್ ಪಿತೃಹಬ್ಬದ ರಜೆಗೆ ಗೆಳತಿಯರ ಜೊತೆ ಸಮುದ್ರದ ಕಡೆ ಹೋಗುತ್ತೇನೆ ಎಂದಿದ್ದೆನಲ್ಲ, ಹೋಗಲಿಲ್ಲ. ಒಬ್ಬಳೇ ಈ ಕಡೆ ಹೊರಟೆ. ನಾನು ನೋಮ್ ಪೆನ್‌ಗೆ ಬಂದು ನೆಲೆಸಿ ಹತ್ತೊಂಬತ್ತು ವರ್ಷವಾಯಿತು. ಪ್ರತಿ ವರ್ಷವೂ ನೀನು ಬರೆದುಕೊಟ್ಟ ಪಟ್ಟಿಯನ್ನು ನಕಲು ಮಾಡಿ, ಮನೆಯ ಹತ್ತಿರದ ಏಳು ಬೌದ್ಧ ವಿಹಾರಗಳಲ್ಲೇ ನಮ್ಮ ಸತ್ತವರಿಗೆ ಪಿಂಡ ಇಟ್ಟು ಬಂದಿದ್ದೇನೆ. ಏಳು ಕಡೆ ಹುಡುಕಿಯೂ ತಮ್ಮವರ ಅನ್ನ ಸಿಗದ ಹಿರಿಯರು ಶಪಿಸುತ್ತಾರೆ ಎಂದು ಕಲಿಸಿದವಳು ನೀನೇ. ಆದರೆ ನಮ್ಮ ಹಿರಿಯರು ಬಾಟಂಬಾಂಗಿನವರು. ಉಣ್ಣಲು ಅವರು ನೋಮ್ ಪೆನ್‌ವರೆಗೆ ಬಸ್ಸು ಹಿಡಿದು ಬರಬೇಕೆ? ನಿನ್ನ ಊರಿನ ವಿಹಾರವೊಂದನ್ನು ಬಿಟ್ಟು ಎಲ್ಲಿಗಾದರೂ ಹೋಗು ಎಂದು ನೀನು ಯಾಕೆ ಹೇಳುತ್ತಿದ್ದೆ? ನಲವತ್ತಮೂರು ತುಂಬಿದ ಮೇಲೆ ಇಂಥವು ಸುಮ್ಮನೆ ಕೂರಲು ಬಿಡುವುದಿಲ್ಲ.

ಕಂಪೊಂಗ್ ಛ್ನಾಂಗ್, ಪುರ್ಸಾತ್ ಎಂದು ಅಲ್ಲಲ್ಲಿ ಇಳಿಯುತ್ತ ಆರು ವಿಹಾರ ಮುಗಿಸಿದೆ. ಗದ್ದೆಗಳಲ್ಲಿ ನೀರು ತುಂಬಿ, ತಾಳೆಮರಗಳು ಅದರಲ್ಲಿ ತಲೆಕೆಳಗಾಗಿ ನಿಂತಿದ್ದವು. ವ್ಯಾನಿನಲ್ಲಿ ಪಕ್ಕದ ಹೆಂಗಸು ತೊಡೆಯ ಮೇಲೆ ಬಾತುಕೋಳಿ ಇಟ್ಟುಕೊಂಡು ನನ್ನ ವಿಚಾರಣೆ ನಡೆಸಿದಳು.

"ಒಬ್ಳೇನಾ? ಗಂಡ?"

ಇಲ್ಲ ಎಂದೆ.

"ಮಕ್ಳು?"

ಶಾಲೆಯಲ್ಲಿ ನಲವತ್ತು ಜನ ಇದ್ದಾರೆ ಎಂದೆ.

"ಅಯ್ಯೋ ತಂಗಿ, ನಾಳೆ ನಿನ್ನ ಹೆಸರು ಓದ್ಸೋರ್ಯಾರು? ನನ್ನ ಮಗನ್ನ ಮದ್ವೆ ಆಗು. ಕುಡೀತಾನೆ, ಆದ್ರೆ ಸತ್ತೋರ ಹೆಸ್ರು ಮರೆಯಲ್ಲ."

ಬಾತುಕೋಳಿಯೂ ನನ್ನನ್ನೇ ನೋಡುತ್ತಿತ್ತು. ನಕ್ಕೆ. ಆಮೇಲೆ ಕಿಟಕಿಯ ಕಡೆ ತಿರುಗಿ, ನೀನು ನನ್ನ ಜಡೆ ಹೆಣೆಯುತ್ತ ಹೇಳುತ್ತಿದ್ದ ಊರನ್ನು ನೆನೆಸಿಕೊಂಡೆ. ಸಂಗ್ಕೆ ಹೊಳೆ, ಬಿದಿರಿನ ಕೊಳವೆಯಲ್ಲಿ ಬೆಂದ ಅನ್ನ, ಕದ್ದ ಕಿತ್ತಳೆ. ಮೆಲ್ಬೋರ್ನಿನ ಶಾಲೆಯಲ್ಲಿ ಎಲ್ಲವೂ ಇಂಗ್ಲಿಷ್, ನಿನ್ನ ಬೆರಳುಗಳಲ್ಲಿ ಮಾತ್ರ ಸಂಗ್ಕೆ ಹೊಳೆ. ಆ ಕಥೆಗಳೆಲ್ಲ ಕುಲಾಪ್ ಚಿಕ್ಕಮ್ಮನ ಹತ್ತಿರ ಬಂದು ನಿಂತುಬಿಡುತ್ತಿದ್ದವು. ಬಂದೂಕು ಹಿಡಿದು ದೇಶ ಆಳಿದ ಕಪ್ಪು ಬಟ್ಟೆಯವರ ಕಾಲದಲ್ಲಿ, ರೋಗಿಗಳ ಗುಡಿಸಲಿನಲ್ಲಿ, ನಿನ್ನ ತಂಗಿ ನಿನ್ನ ತೊಡೆಯ ಮೇಲೇ ಕಣ್ಣು ಮುಚ್ಚಿದಳು ಎನ್ನುತ್ತಿದ್ದೆ. ಅಷ್ಟು ಹೇಳಿ ಜಡೆಯನ್ನು ಬಿಗಿಯಾಗಿ ಎಳೆಯುತ್ತಿದ್ದೆ.

ಏಳನೆಯದು ನಿನ್ನ ಊರಿನ ವಿಹಾರ. ಬಾಗಿಲ ಹತ್ತಿರದ ಆಲದ ಮರ ಈಗಲೂ ಇದೆ. ನನ್ನ ಚೀಟಿಯನ್ನು, ಹೆಸರು ಓದಿ ಪೂಜೆ ನಡೆಸುವ ಆಚಾರ್ ಅಜ್ಜನ ತಟ್ಟೆಯಲ್ಲಿ ಇಟ್ಟು, ಅಕ್ಕಿ ಕಡುಬುಗಳ ರಾಶಿಯ ಪಕ್ಕ ಜಾಗ ಮಾಡಿಕೊಂಡು ಕೂತೆ. ಅಜ್ಜ ಮೈಕಿನಲ್ಲಿ ಮನೆಮನೆಯ ಸತ್ತವರನ್ನು ಕರೆಯುತ್ತ ಹೋದರು. ಅರ್ಧ ಗಂಟೆಯ ಮೇಲೆ ನಮ್ಮವರು ಬಂದರು.

ಪ್ರಾಕ್ ಸೆಂಗ್. ಮೇಯ್ ಯೀನ್. ಪ್ರಾಕ್ ವುತ್.

ತಾತ, ಅಜ್ಜಿ, ಮಾವ. ಕೈ ಮುಗಿದೆ.

ಪ್ರಾಕ್ ಚಾಂಥೂ.

ಅದು ನಿನ್ನ ಹೆಸರು, ಅಮ್ಮ. ಬದುಕಿರುವವರ ಹೆಸರನ್ನು ಪ್ರೇತಗಳ ಸಾಲಿಗೆ ಸೇರಿಸಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ಹೆದರಿಸಿ ಬೆಳೆಸಿದ್ದೀಯ ನನ್ನನ್ನು. ನಕಲು ಮಾಡುವಾಗ ನಿನ್ನನ್ನೇ ನೆನೆಸಿಕೊಂಡು ನಿನ್ನ ಹೆಸರನ್ನೂ ಬರೆದುಬಿಟ್ಟೆನೆ? ಕೂತವರನ್ನು ದಾಟಿ ಓಡಿದೆ.

"ಅಜ್ಜ, ತಪ್ಪಾಯ್ತು! ಆ ಕೊನೇ ಹೆಸ್ರು ವಾಪಸ್ ತಗೊಳ್ಳಿ. ನಮ್ಮಮ್ಮ ಬದುಕಿದ್ದಾಳೆ!"

ಅವರು ಮೈಕ್ ಆರಿಸಿರಲಿಲ್ಲ. ಇಡೀ ವಿಹಾರಕ್ಕೆ ಕೇಳಿಸಿತು.

"ನಿನ್ನ ಚೀಟಿ ಇನ್ನೂ ತಟ್ಟೇಲೇ ಇದೆಯಲ್ಲೇ ಮಗಳೇ," ಎಂದರು ಅಜ್ಜ. "ಇದು ನಮ್ಮ ಕುಲಾಪ್ ಕೊಟ್ಟಿದ್ದು. ಮೂವತ್ತು ವರ್ಷದಿಂದ ನಾನೇ ಓದ್ತಿದೀನಿ."

ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಎದ್ದು ನಿಂತಿದ್ದಳು. ಎಲೆಅಡಿಕೆ ತಿಂದು ಕೆಂಪಾದ ಬಾಯಿ. ಎಡಗಾಲು ಎಳೆಯುತ್ತ ಹತ್ತಿರ ಬಂದು, ನನ್ನ ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು, ಸಂತೆಯಲ್ಲಿ ಹಣ್ಣು ನೋಡುವಂತೆ.

"ಚಾಂಥೂ ಬದುಕಿದ್ದಾಳಾ?"

ತಲೆಯಾಡಿಸಿದೆ.

"ಹಾಗಾದ್ರೆ ನಲ್ವತ್ನಾಲ್ಕು ವರ್ಷದಿಂದ ನನ್ನ ಕಡುಬು ತಿಂದೋರ್ಯಾರು?"

ಸುತ್ತಲಿದ್ದವರೆಲ್ಲ ನಕ್ಕರು. ಅವಳೂ ನಕ್ಕಳು. ಆಮೇಲೆ ಮೆಟ್ಟಿಲ ಮೇಲೆ ಕುಸಿದು, ಹೆಗಲ ಮೇಲಿನ ವಸ್ತ್ರದಿಂದ ಮುಖ ಮುಚ್ಚಿಕೊಂಡಳು.

ಎರಡು ದಿನದಿಂದ ಚಿಕ್ಕಮ್ಮನ ಮನೆಯಲ್ಲೇ ಇದ್ದೇನೆ. ಗಂಡ ತೀರಿಕೊಂಡಿದ್ದಾನೆ, ಮಗಳು ಪಕ್ಕದ ಬೀದಿಯಲ್ಲಿದ್ದಾಳೆ. ನೀನು ಹೇಳಿದ ಕಥೆಗಳನ್ನೆಲ್ಲ ಅವಳಿಗೆ ವಾಪಸ್ ಹೇಳಿದೆ. ಕಿತ್ತಳೆ ಕದಿಯಲು ಹೋಗಿ ಕುಲಾಪ್ ಮರದಿಂದ ಬಿದ್ದಳು ಎಂದಾಗ ಸಿಡಿದೆದ್ದಳು. "ಬಿದ್ದೋಳು ಅವ್ಳು! ಹೊತ್ಕೊಂಡು ಬಂದೋಳು ನಾನು! ಅಲ್ಲಿ ಹೋದ್ರೂ ಸುಳ್ಳು ಬಿಟ್ಟಿಲ್ವಾ?"

ಇನ್ನು ನೀವಿಬ್ಬರೂ ಬೇರೆಯಾದ ಆ ದಿನದ್ದು. ಅವಳು ಹೇಳಿದ ಹಾಗೆಯೇ ಬರೆಯುತ್ತೇನೆ. ಆಗ ಅವಳಿಗೆ ಹದಿನಾಲ್ಕು ವರ್ಷ, ಕಾಲು ಬಾತು ಏಳಲು ಆಗುತ್ತಿರಲಿಲ್ಲ. ನೀರು ಬೇಕು ಎಂದಳು. ನೀನು ತೆಂಗಿನ ಚಿಪ್ಪು ತೆಗೆದುಕೊಂಡು ಕಾಲುವೆಗೆ ಹೋದೆ. ಗುಂಡಿನ ಸದ್ದು ಕೇಳಿಸಿತು. ನೀನು ಬರಲಿಲ್ಲ. ಎರಡು ದಿನದ ಮೇಲೆ ಬೇರೆ ಸೈನಿಕರು ಬಂದು ಗುಡಿಸಲಿನಲ್ಲಿ ಉಳಿದವರನ್ನು ಹೊರಗೆ ತಂದರು. ಕಾಲುವೆಯ ಹತ್ತಿರ ಇದ್ದವರನ್ನೆಲ್ಲ ಕಪ್ಪು ಬಟ್ಟೆಯವರು ಬೆಟ್ಟಕ್ಕೆ ಅಟ್ಟಿಕೊಂಡು ಹೋಗಿ ಕೊಂದರು ಎಂದು ಯಾರೋ ಹೇಳಿದರು.

"ನೀರು ಕೇಳಿದ್ದು ನಾನು," ಎಂದಳು. "ಕೇಳ್ದೇ ಇದ್ದಿದ್ರೆ ಅವ್ಳು ಆಚೆ ಹೋಗ್ತಾನೇ ಇರ್ಲಿಲ್ಲ."

ಪ್ರತಿ ವರ್ಷ ನಿನ್ನ ಹೆಸರಿಗೆ ಅನ್ನ ಇಡುವ ಮೊದಲು ಒಂದು ಚಿಪ್ಪು ನೀರು ಸುರಿಯುತ್ತಾಳಂತೆ. ಬಾಯಾರಿ ಸತ್ತವಳಿಗೆ ಮೊದಲು ನೀರು.

ತೊಡೆಯ ಮೇಲೆ ಕಣ್ಣು ಮುಚ್ಚಿದ ಕಥೆಯನ್ನು ನಾನು ಅವಳಿಗೆ ಹೇಳಲಿಲ್ಲ. ಅದು ಸರಿಯೋ ತಪ್ಪೋ ಗೊತ್ತಿಲ್ಲ. ನೀನು ಓಡಿಹೋದೆಯಾ, ನಿನ್ನನ್ನು ಅಟ್ಟಿಕೊಂಡು ಹೋದರಾ ಎಂದೂ ಕೇಳುವುದಿಲ್ಲ. ಆಗ ಹತ್ತೊಂಬತ್ತರ ಹುಡುಗಿಯಾಗಿದ್ದ ನಿನ್ನನ್ನು ಈಗ ಅಡುಗೆಮನೆಯ ಬೆಳಕಿನಲ್ಲಿ ಕೂತು ತೂಗಿ ನೋಡಲು ನಾನು ಯಾರು? ಆದರೆ ಅವಳಿಗೆ ಒಂದು ಉತ್ತರ ಬೇಕು. ನೀನು ಯಾಕೆ ಬರಲಿಲ್ಲ ಎಂದು ಅವಳು ಒಮ್ಮೆಯೂ ಕೇಳಿಲ್ಲ. ಇವತ್ತು ಬೆಳಿಗ್ಗೆ ಅಕ್ಕಿ ತೊಳೆಯುತ್ತ, ನನ್ನ ಕಡೆ ನೋಡದೆ ಕೇಳಿದಳು:

"ಅವಳಿಗಾದ್ರೂ ನೀರು ಸಿಕ್ತಂತಾ?"

ನಾನೇನು ಹೇಳಲಿ? ಅದು ನೀನು ಹೇಳಬೇಕಾದ ಮಾತು.

ಎರಡು ಮನೆಗಳಿಗೆ ಸೇರಿದ,
ನಿಮೋಲ್

ಇನ್ನೊಂದು ಮಾತು: ಬದುಕಿರುವ ಚಿಕ್ಕಮ್ಮನ ಹೆಸರು ಹೊಡೆದುಹಾಕೋಣವೆಂದು ಈಗಷ್ಟೇ ನಿನ್ನ ಕೈಬರಹದ ಹಳೆಯ ಪಟ್ಟಿ ತೆಗೆದೆ. ತಾತ, ಅಜ್ಜಿ, ವುತ್ ಮಾವ, ಅಷ್ಟೇ. ಕುಲಾಪ್ ಹೆಸರು ಅಲ್ಲಿ ಇಲ್ಲವೇ ಇಲ್ಲ. ಮಕ್ಕಳ ಬರಹದಲ್ಲಿ ಒಂದು ಚುಕ್ಕೆ ತಪ್ಪಿದರೂ ಕೆಂಪು ಗೆರೆ ಎಳೆಯುವ ನಾನು, ಹತ್ತೊಂಬತ್ತು ವರ್ಷ ನಕಲು ಮಾಡಿಯೂ ಇದನ್ನು ನೋಡಲಿಲ್ಲ. ತೊಡೆಯ ಮೇಲೆ ಸತ್ತಳೆಂದು ಹೇಳಿದವಳಿಗೆ ನೀನು ಒಂದು ವರ್ಷವೂ ಪಿಂಡ ಇಡಿಸಿಲ್ಲ, ಅಮ್ಮ. ಪಟ್ಟಿಯನ್ನು ಚಿಕ್ಕಮ್ಮನ ಕೈಗೆ ಕೊಟ್ಟೆ. ಎರಡು ಸಲ ಓದಿದಳು. "ನೋಡು ಜಿಪುಣೀನ! ನಂಗೆ ಒಂದುಂಡೆ ಅನ್ನ ಇಟ್ಟಿಲ್ಲ," ಎಂದು ನಕ್ಕು, ಅದನ್ನು ಮಡಿಸಿ ರವಿಕೆಯೊಳಗೆ ಇಟ್ಟುಕೊಂಡಳು. ಎಷ್ಟು ಕೇಳಿದರೂ ವಾಪಸ್ ಕೊಡುತ್ತಿಲ್ಲ. ಬೇಕಾದರೆ ನೀನೇ ಬಂದು ಇಸಿದುಕೊಳ್ಳಬೇಕಂತೆ.