ನಡುವೆ ಇಟ್ಟ ಥರ್ಮಾಮೀಟರು

ಮನೆಯಿಂದ,
ಮಾರ್ಚ್ ೧೨, ಮಂಗಳವಾರ ಸಂಜೆ

ಪ್ರೀತಿಯ ಮೌನಗೌರಿಗೆ,

ಕೆಮ್ಮು ಇಳಿಯಿತೇ? ಹಾಸ್ಟೆಲಿನ ತಣ್ಣೀರಿನಲ್ಲಿ ತಲೆಗೆ ಸ್ನಾನ ಮಾಡಬೇಡ. ಮಾಡಿದರೂ ಒದ್ದೆ ಕೂದಲನ್ನು ಹಾಗೇ ಕಟ್ಟಬೇಡ. ನಿನ್ನಪ್ಪ ಆರಾಮಾಗಿದ್ದಾರೆ. ರಜೆಗೆ ಬರುವುದಿಲ್ಲವೆಂದು ನೀನು ಬರೆದ ಎರಡು ಸಾಲನ್ನು ದಿನಕ್ಕೆ ನಾಲ್ಕು ಸಲ ಓದಿ, ಕನ್ನಡಕವನ್ನು ಬೈಯುತ್ತಾರೆ.

ನನ್ನ ಪ್ರಯೋಗಾಲಯದ ಸುದ್ದಿ ಕೇಳು, ನಗುವಂತಿದೆ. ಎರಡು ಬಿಸಿ ತಗಡುಗಳ ನಡುವಿನ ಕಿರಿದಾದ ದಾರಿಯಲ್ಲಿ ಎಣ್ಣೆ ಹರಿಸಿ, ಅದರ ವೇಗವನ್ನೂ ಬಿಸಿಯನ್ನೂ ಅಳೆಯುವುದು ಈಗ ನನ್ನ ಕೆಲಸ. ಒಳಗೆ ಬರುವಾಗ ಎಣ್ಣೆಯೆಲ್ಲ ಒಂದೇ ವೇಗದಲ್ಲಿರುತ್ತದೆ. ಆಮೇಲೆ ತಗಡಿಗೆ ತಾಗಿದ್ದು ಅಂಟಿ ನಿಲ್ಲುತ್ತದೆ, ಅದರ ಪಕ್ಕದ್ದು ನಿಧಾನವಾಗುತ್ತದೆ, ನಡುವಿನದು ಮುಂದೋಡುತ್ತದೆ. ಒಂದು ಗೇಣು ದಾಟುವಷ್ಟರಲ್ಲಿ ಯಾವುದು ಎಷ್ಟು ವೇಗದಲ್ಲಿ ಹೋಗಬೇಕೆಂಬುದು ತೀರ್ಮಾನವಾಗಿ, ಕೊನೆಯವರೆಗೂ ಅದೇ ನಡೆ. ಬಿಸಿಯನ್ನು ನೋಡಲು ಹರಿವಿನ ನಟ್ಟನಡುವೆ, ದಾರಿಯುದ್ದಕ್ಕೂ ಮೂರು ಕಡೆ ಥರ್ಮಾಮೀಟರು ಇಟ್ಟೆ. ಮೂರರಲ್ಲೂ ಒಂದೇ ಅಂಕಿ. ಬಿಸಿಯೂ ನೆಲೆಗೊಂಡಿದೆ, ಇನ್ನು ಬದಲಾಗದು ಎಂದು ವರದಿ ಬರೆದು ಜಂಬದಿಂದ ಕೊಟ್ಟೆ. ನಮ್ಮ ದೊಡ್ಡ ಎಂಜಿನಿಯರು ಓದಿ, "ತಗಡಿನ ಪಕ್ಕ ಇಟ್ಟು ನೋಡಿದ್ರಾ ಮೇಡಂ?" ಎಂದರು. ಇಟ್ಟು ನೋಡಿದೆ. ಅಲ್ಲಿ ಮುಂದೆ ಹೋದಂತೆಲ್ಲ ಬಿಸಿ ಏರುತ್ತಲೇ ಇತ್ತು. ನಡುವಿನ ಅಂಕಿ ಬದಲಾಗದಿದ್ದದ್ದು ಬಿಸಿ ಅಲ್ಲಿಗೆ ಇನ್ನೂ ತಲುಪದೇ ಇದ್ದುದರಿಂದ! ಎಣ್ಣೆಯಲ್ಲಿ ವೇಗ ಬೇಗ ಹೊಂದಿಕೊಳ್ಳುತ್ತದೆ. ಬಿಸಿ ಒಳಗಿಳಿಯಲು ಅದರ ನೂರಾರು ಪಟ್ಟು ದಾರಿ ಬೇಕು. ನನ್ನ ಹದಿನೆಂಟು ವರ್ಷದ ಅನುಭವ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಮನೆಯಲ್ಲೂ ಇದೇ ತಪ್ಪು ಮಾಡಿದೆ. ನಿನ್ನಪ್ಪನನ್ನು ಮದುವೆಯಾಗಿ ನಾನು ನಿಮ್ಮಿಬ್ಬರ ಮನೆಗೆ ಬಂದ ತಿಂಗಳೊಳಗೆ ಯಾರು ಮೊದಲು ಸ್ನಾನಕ್ಕೆ, ಯಾರು ಪಾತ್ರೆ ತೊಳೆಯಲಿಕ್ಕೆ ಎಂಬುದೆಲ್ಲ ಹೊಂದಿಕೊಂಡಿತು. ಊಟದ ಮೇಜಿನಲ್ಲಿ ಮಾತ್ರ ನೀನು ತಿಂಗಳುಗಟ್ಟಲೆ ಅದೇ ಮೌನ. "ಅವಳು ಇಷ್ಟೇ ಬಿಡಿ, ಇನ್ನು ಬದಲಾಗಲ್ಲ" ಎಂದು ನಿನ್ನಪ್ಪನಿಗೆ ಹೇಳಿದೆ. ಬಾಗಿಲ ಹಿಂದೆ ನೀನಿದ್ದೆ. ಮರುವಾರವೇ ಹಾಸ್ಟೆಲು ಸೇರಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನ್ನ ಕೋಟಿನ ಹರಿದ ಜೇಬನ್ನು ಹೊಲಿದಿಟ್ಟವಳು ನೀನೆಂದು ತಿಳಿದದ್ದು ನೀನು ಹೋದ ಮೇಲೆ. ನಿನ್ನಪ್ಪ ಹೊಲಿದರೆಂದು ಇಷ್ಟು ದಿನ ಅವರನ್ನು ಹೊಗಳಿದ್ದೇ ಹೊಗಳಿದ್ದು. ಸೂಜಿಗೆ ದಾರ ಪೋಣಿಸಲು ಬಾರದ ಆಸಾಮಿ ಸುಮ್ಮನೆ ಹೊಗಳಿಸಿಕೊಂಡಿದ್ದರು! ತಪ್ಪಾಯಿತು, ಮಗಳೇ. ನೀನಿಲ್ಲದ ಮೇಜಿನಲ್ಲಿ ನನಗೆ ಊಟ ಸೇರುತ್ತಿಲ್ಲ.

ಹೊಟ್ಟೆ ತುಂಬ ತಿನ್ನು, ಕಣ್ಣು ತುಂಬ ನಿದ್ದೆ ಮಾಡು, ನೂರು ಕಾಲ ಸುಖವಾಗಿರು.

ನಿನ್ನ
ಚಿಕ್ಕಮ್ಮ

ಮರೆತಿದ್ದೆ: ರಜೆಯಲ್ಲಿ ಹಾಸ್ಟೆಲಿನಲ್ಲೇ ಉಳಿಯಲು ನೀನು ಕಳಿಸಿದ ಒಪ್ಪಿಗೆ ಪತ್ರಕ್ಕೆ ಅಪ್ಪ ರುಜು ಮಾಡಿ, ಅಂಚೆಗೆ ಹಾಕೆಂದು ನನ್ನ ಕೈಗೆ ಕೊಟ್ಟಿದ್ದರು. ಹಾಕಿಲ್ಲ. ಶನಿವಾರ ನಾನೇ ತರುತ್ತೇನೆ, ಒಬ್ಬಳೇ. ಗೇಟಿನ ಹತ್ತಿರ ನಿಂತಿರುತ್ತೇನೆ. ಕೊಡಿ ಎಂದರೆ ಕೊಟ್ಟು, ನಿನ್ನ ಮುಖ ನೋಡಿಕೊಂಡು ಬರುತ್ತೇನೆ. ವಾಪಸು ಬರುವ ಬಸ್ಸಿನಲ್ಲಿ ಎರಡು ಸೀಟು ಕಾದಿರಿಸಿದ್ದೇನೆ.