ಬೆಲ್ಟು ತುಂಡಾದ ಸಂಜೆ

ಅಕ್ಕಾ,

ಇವತ್ತು ಹೊಲಿಗೆ ಮಿಷನ್ನಿನ ಬೆಲ್ಟು ತುಂಡಾಯಿತು. ರಿಪೇರಿಯವನು ನಾಳೆ ಬರುತ್ತೇನೆಂದ. ಕೈಗೆ ಕೆಲಸವಿಲ್ಲದೆ, ಟೀ ಮಾಡಿಕೊಂಡು ಬಾಗಿಲ ಮೆಟ್ಟಿಲ ಮೇಲೆ ಕೂತೆ. ಎದುರುಮನೆಯಾಕೆ ಗಾಬರಿಯಿಂದ ಬಂದಳು.

"ಏನ್ರೀ, ಹುಷಾರಿಲ್ವಾ?"

"ಸುಮ್ನೆ ಕೂತಿದೀನಿ ಕಣ್ರೀ. ನೀವೂ ಬನ್ನಿ."

"ಅಯ್ಯೋ, ನಂಗೆ ತಲೆ ಕೆರ್ಕೊಳ್ಳೋಕೂ ಪುರುಸೊತ್ತಿಲ್ಲ," ಎಂದು ನಗುತ್ತಾ ಹೊರಟೇಹೋದಳು.

ನೀನಿದ್ದಷ್ಟು ದಿನವೂ ಸಂಜೆಯಾದರೆ ಇದೇ ಮೆಟ್ಟಿಲಿಂದ ನನ್ನನ್ನು ಕರೆಯುತ್ತಿದ್ದೆ. "ಬಾರೇ, ಐದು ನಿಮಿಷ ಕೂತ್ಕೋ."

"ಈ ತೋಳೊಂದು ಜೋಡಿಸಿ ಬಂದೆ," ಎಂದು ನಾನು ತಲೆಯೆತ್ತದೆ ಹೇಳುತ್ತಿದ್ದೆ. ತೋಳಾದ ಮೇಲೆ ಕಾಲರ್ ಇರುತ್ತಿತ್ತು.

ಇವತ್ತು ಟೀಯನ್ನು ಬಿಸಿಯಿರುವಾಗಲೇ ಕುಡಿದೆ. ಗಾಳಿ ಹಿತವಾಗಿತ್ತು. ಬೀದಿದೀಪ ಹತ್ತುವವರೆಗೂ ಒಂದು ಬದಿಗೆ ಸರಿದು ಕೂತೇ ಇದ್ದೆ.

ಒಬ್ಬರೇ ಕೂತರೆ ಸಂಜೆ ಇಷ್ಟು ಉದ್ದವಿರುತ್ತದೆ ಅಂತ ನೀನು ಒಂದು ದಿನವೂ ಹೇಳಲಿಲ್ಲ.