ಅಭಿಷೇಕದ ನೀರು ಕುಡಿದ ಜರೀಗಿಡ

ಅತ್ತೆಮ್ಮಾ,

ನೀವಿದ್ದಾಗ ನಿಮ್ಮೆದುರು ನಿಂತು ನಾಲ್ಕು ಮಾತು ನೆಟ್ಟಗೆ ಆಡಿದವಳಲ್ಲ ನಾನು. ಈಗ ಕಾಗದ ಬರೆಯಲು ಕೂತಿದ್ದೇನೆ. "ಓದಾಕ ಬರಲಾರದಾಕಿಗಿ ಕಾಗದ ಬರೀತಿಯೇನ ಹುಚ್ಚಿ" ಎಂದು ನಗಬೇಡಿ. ಒಂದು ಸುದ್ದಿಯಿದೆ. ಅದನ್ನು ನಿಮಗಲ್ಲದೆ ಇನ್ನಾರಿಗೆ ಹೇಳಲಿ?

ಹರಪನಹಳ್ಳಿಯ ಆಸ್ಪತ್ರೆಯಿಂದ ನಾನು ಕೊಟ್ಟೂರಿಗೆ ವಾಪಸು ಬಂದ ಮಧ್ಯಾಹ್ನ ನೆನಪಿದೆಯೆ? ಹೆತ್ತ ಮಗಳು ಕಣ್ಣೇ ತೆರೆದಿರಲಿಲ್ಲ. ಬಸ್ಸಿನಲ್ಲಿ ನನ್ನ ತೊಡೆಯ ಮೇಲಿದ್ದದ್ದು ಒಂದು ಮಣ್ಣಿನ ಕುಂಡ, ಅದರೊಳಗೊಂದು ಜರೀಗಿಡ. "ಬರಿಗೈಲಿ ಹೋಗಬ್ಯಾಡವ್ವಾ, ಇದನ್ನ ಜ್ವಾಕಿ ಮಾಡು" ಎಂದು ಅಲ್ಲಿನ ನರ್ಸಮ್ಮ ತನ್ನ ಕಿಟಕಿಯಲ್ಲಿದ್ದುದನ್ನೇ ಎತ್ತಿ ಕೊಟ್ಟಿದ್ದಳು. ನೀವು ಬಾಗಿಲಲ್ಲಿ ರೊಟ್ಟಿ, ನೀರು ಹಿಡಿದು ನಿಂತಿದ್ದಿರಿ. ಮಗುವಿಲ್ಲದೆ ಬಂದ ಬಾಣಂತಿಗೆ ಯಾರಾದರೂ ನಿವಾಳಿಸುತ್ತಾರೆಯೆ? ನೀವು ನನಗೂ ನಿವಾಳಿಸಿದಿರಿ, ಕುಂಡಕ್ಕೂ ನಿವಾಳಿಸಿದಿರಿ. ಓಣಿಯ ಹೆಂಗಸರು ಬಾಯಿಗೆ ಸೆರಗಿಟ್ಟುಕೊಂಡರು. ನಾನು ಅಳಲಿಲ್ಲ. ಆಮೇಲೂ ಅಳಲಿಲ್ಲ, ಸರಿಯಾಗಿ ಉಣ್ಣಲೂ ಇಲ್ಲ; ಕುಂಡದ ಮುಂದೆ ಸುಮ್ಮನೆ ಕೂತಿರುತ್ತಿದ್ದೆ.

ನಮ್ಮೂರ ಬಿಸಿಲಿಗೆ ನೆರಳು, ನೀರು ಬೇಡುವ ಗಿಡ ಎಲ್ಲಿ ತಾಳೀತು? ಜಾಗ ಹುಡುಕಿದವರು ನೀವೇ. ಅಡುಗೆಮನೆಯ ಮೂಲೆಯಲ್ಲಿ ಕುಡಿಯುವ ನೀರಿನ ಗಡಿಗೆ ಬೆವರಿ ತೊಟ್ಟಿಕ್ಕುತ್ತಿತ್ತಲ್ಲ, ಅದರ ಕೆಳಗೆ ತಂದಿಟ್ಟಿರಿ. ಎಲೆ ನೋಡಿ 'ಬಾಚಣಿಗಿ ಗಿಡ' ಎಂದು ಹೆಸರಿಟ್ಟಿರಿ. ಪಕ್ಕದ ಮನೆಯ ನೀಲಮ್ಮ ಬಂದು, "ಹೂವಿಲ್ಲ, ಕಾಯಿಲ್ಲ, ಇದೇನ್ರಿ ಗಿಡ?" ಎಂದು ನನ್ನ ಕಡೆ ನೋಡಿದಳು. ನೀವು ತಟ್ಟನೆ, "ಅಲ್ಲಬೇ, ಹೂ ಬಿಡೋದು ಅದರ ಪಾಡು. ನಿನಗ್ಯಾಕ ಹೊಟ್ಟಿನೋವು? ಚಾ ಕುಡುದು ಎದ್ದು ಹೋಗು" ಅಂದಿರಿ. ಆಕೆ ಚಹಾ ಬಿಟ್ಟೇ ಎದ್ದು ಹೋದಳು.

ಒಂದು ದಿನ ಲಿಂಗಪೂಜೆ ಮುಗಿದ ಮೇಲೆ ನೀವು ಅಭಿಷೇಕದ ನೀರನ್ನು ಈ ಗಿಡದ ಬುಡಕ್ಕೆ ಸುರಿಯುವುದನ್ನು ಕಂಡೆ. ಅದುವರೆಗೂ ಆ ನೀರು ಯಾರೂ ಮೆಟ್ಟದಂತೆ ಹಿತ್ತಲ ಕಣಗಿಲೆಗೆ ಹೋಗುತ್ತಿತ್ತು. ಹಾಲು, ವಿಭೂತಿ ಬೆರೆತ ನೀರು. ಬರಬರುತ್ತ ಎಲೆಯಂಚು ಕಂದಿ, ಬುಡದಲ್ಲಿ ಹುಳಿವಾಸನೆ ಬರತೊಡಗಿತು. ಹೇಳುವುದು ಹೇಗೆ? ನೀವು ಇನ್ನೂ ಹೆಚ್ಚು ಸುರಿಯುತ್ತಿದ್ದಿರಿ. ಆಗಲೇ ಒಂದು ಮಧ್ಯಾಹ್ನ, ಪಡಸಾಲೆಯಲ್ಲಿ ನಿಮ್ಮ ಮಗನಿಗೆ ನೀವು ಹೇಳಿದ್ದು ಕಿವಿಗೆ ಬಿತ್ತು: "ಆ ಗಿಡ ಒಣಗಿತಂದ್ರ ಈಕಿ ಉಳ್ಯಂಗಿಲ್ಲಪ್ಪಾ. ಅದಕ್ಕ ದೇವ್ರ ನೀರು ಹಾಕಾಕ್ಹತ್ತೀನಿ."

ನನಗಾಗಿ ಇಷ್ಟು ಹೆದರಿದವರು ಇನ್ನೊಬ್ಬರಿಲ್ಲ ಅತ್ತೆಮ್ಮಾ. ನನ್ನ ತಾಯಿಯೂ...

ಕೊನೆಗೆ ಧೈರ್ಯ ಮಾಡಿ, "ಹಾಲು, ವಿಭೂತಿ ಅದಕ್ಕ ಆಗಂಗಿಲ್ಲೇನೋರಿ ಅತ್ತಿ" ಎಂದೆ. "ದೇವ್ರ ನೀರಿಗಿ ಗಿಡ ಸಾಯ್ತೈತೇನ?" ಎಂದು ಸಿಡುಕಿದಿರಿ, ಸಂಜೆತನಕ ಮಾತು ಬಿಟ್ಟಿರಿ. ಮರುದಿನ ನೋಡಿದರೆ ಪೂಜೆಗೆ ಎರಡು ಬಟ್ಟಲು! ಹಾಲುನೀರು ಕಣಗಿಲೆಗೆ, ಕೊನೆಯಲ್ಲಿ ಎರೆದ ತಿಳಿನೀರು ಗಿಡಕ್ಕೆ. "ಶಿವ ಏನೂ ಅನ್ಕಣಂಗಿಲ್ಲ, ಸುಮ್ನಿರು" ಎಂದಿರಿ, ನಾನು ಕೇಳದೆಯೇ. ಬುದ್ಧಿ ಬಂದಂದಿನಿಂದ ಮಾಡಿಕೊಂಡು ಬಂದ ಪೂಜೆಯನ್ನು ಒಂದು ಕುಂಡಕ್ಕಾಗಿ ಯಾರು ಬದಲಿಸುತ್ತಾರೆ? ಎಲೆ ಮತ್ತೆ ಚಿಗುರಿತು.

ನೀವು ಮಾತು ನಿಂತು ಹಾಸಿಗೆ ಹಿಡಿದಾಗ ಕುಂಡವನ್ನು ನಿಮ್ಮ ಹಾಸಿಗೆಯ ಬಳಿ ತಂದಿಡುತ್ತಿದ್ದೆ. ನೀವು ಗಿಡ ನೋಡಿ, ಆಮೇಲೆ ನನ್ನನ್ನು ನೋಡುತ್ತಿದ್ದಿರಿ. ಗಿಡ ಒಣಗಿದರೆ ನಾನು ಉಳಿಯುತ್ತೇನೆಯೆ ಎಂದು ಕೇಳುತ್ತಿದ್ದಿರಿ; ಉತ್ತರ ನನಗೂ ಗೊತ್ತಿರಲಿಲ್ಲ. ಅಂಗೈಯಲ್ಲಿ ಲಿಂಗವಿಟ್ಟು ನಿಮ್ಮನ್ನು ಮಣ್ಣು ಮಾಡಿ ಬಂದ ಮೇಲೆ ಎರಡು ಬಟ್ಟಲಿನ ಪೂಜೆ ನನ್ನ ಪಾಲಿಗೆ ಬಂತು.

ಈಗ ಸುದ್ದಿ ಹೇಳುತ್ತೇನೆ. ಈ ಬೇಸಿಗೆಯ ಬಿಸಿಗಾಳಿಗೆ ಗಿಡ ಸೊರಗಿತು. ಒದ್ದೆ ಗೋಣಿ ಸುತ್ತಿದೆ, ತಿಳಿನೀರು ತಪ್ಪಿಸಲಿಲ್ಲ, ನೀವು ಮಾಡುತ್ತಿದ್ದುದನ್ನೆಲ್ಲ ಮಾಡಿದೆ. ಕೊನೆಯದಾಗಿ ಬಂದ ಚಿಗುರು ಸುರುಳಿ ಬಿಚ್ಚುವ ಮೊದಲೇ ಕರ್ರಗಾಯಿತು. ಅದನ್ನು ಕೈಯಲ್ಲಿ ಹಿಡಿದಾಗ, ಎಂದೂ ಅಳದ ನಾನು ಮಗಳೇ, ಮಗಳೇ ಎಂದು ಕೂಗಿ ಅತ್ತೆ. ನಿಮ್ಮ ಮಗ ಓಡಿ ಬಂದು ಪಕ್ಕದಲ್ಲಿ ಕೂತು ತಾವೂ ಅತ್ತರು. ನೀವು ಹೇಳಿದ ಮಾತು ಅವರಿಗೂ ನೆನಪಿತ್ತು ಕಾಣುತ್ತದೆ. ನನ್ನ ಕೈ ಬಿಡಲೇ ಇಲ್ಲ.

ಅತ್ತು ಮುಗಿದ ಮೇಲೆ ಹಸಿವಾಯಿತು ಅತ್ತೆಮ್ಮಾ. ನಾಚಿಕೆಯಾಗುವಷ್ಟು ಹಸಿವು. ಎದ್ದು ಒಲೆ ಹಚ್ಚಿದೆ, ಜೋಳದ ನುಚ್ಚು ಬೇಯಿಸಿದೆ, ಮಜ್ಜಿಗೆ ಕಲಸಿಕೊಂಡು ಹೊಟ್ಟೆ ತುಂಬ ಉಂಡೆ. ಇನ್ನು ಹೆದರಬೇಡಿ.

ಗಿಡ ಹೋಯಿತು. ನಾನು ಇದ್ದೇನೆ.